ಕೈ ನಡುಗಿದರೆ ನಾಟಕವೇ?

ಪರೀಕ್ಷೆ ಹತ್ತಿರ ಬಂದಂತೆ ಮಕ್ಕಳಿಗೆ ಹೊಟ್ಟೆನೋವು, ತಲೆನೋವು ಬರುವುದು ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಬರೆಯುವ ಕೈಯೇ ಮುಷ್ಕರ ಹೂಡಿದರೆ? ತಿ. ನರಸೀಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಹೀಗಾಯಿತು. ದಸರಾ ರಜೆ ಮುಗಿಸಿ ಬಂದವಳು ಪೆನ್ನು ಹಿಡಿದರೆ ಸಾಕು, ಬಲಗೈ ಗಡಗಡ ನಡುಗುತ್ತಿತ್ತು. ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಅಪ್ಪ, "ನಾಟಕ ಆಡ್ತಾಳೆ ಬಿಡಿ ಸಾ" ಎಂದರು. ಅಜ್ಜಿಯ ಪ್ರಕಾರ ಅದು ಹೊಳೆದಂಡೆಯಲ್ಲಿ ಸೋಕಿದ ಗಾಳಿ. ಶ್ರೀಕಂಠೇಶ್ವರನಿಗೆ ಹರಕೆಯಾಯಿತು, ತೋಳಿಗೆ ತಾಯಿತ ಬಂತು. ನಡುಕ ನಿಲ್ಲಲಿಲ್ಲ.

ಕಡೆಗೆ ಮೈಸೂರಿನ ನರರೋಗ ತಜ್ಞರೊಬ್ಬರಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆ. ಅವರು ಎಡಗೈ ಬೆರಳುಗಳಿಂದ ಮೇಜಿನ ಮೇಲೆ ತಾಳ ಹಾಕಲು ಹೇಳಿದರು. ತಾಳ ಬದಲಾದಂತೆ ಬಲಗೈಯ ನಡುಕವೂ ಅದೇ ಲಯಕ್ಕೆ ತಿರುಗಿತು. ನಡುವೆ ನಿಂತೇ ಹೋಯಿತು.

"ನೋಡಿದ್ರಾ, ನಾಟಕ!" ಎಂದರು ಅಪ್ಪ.

"ಅಲ್ಲಪ್ಪ, ಈ ಕಾಯಿಲೆಯ ಗುರುತೇ ಇದು" ಎಂದರು ಡಾಕ್ಟರು. ನರ, ಸ್ನಾಯು ಸರಿಯಾಗಿಯೇ ಇವೆ. ಅವನ್ನು ನಡೆಸುವ ಮಿದುಳಿನ ಕೆಲಸದಲ್ಲಿ ತೊಡಕು. ಗಮನ ಕೈಯ ಮೇಲಿದ್ದರೆ ನಡುಕ ಹೆಚ್ಚು, ಬೇರೆಡೆ ಹೋದರೆ ಕಡಿಮೆ. ಬೇಕೆಂದು ಮಾಡುವುದಲ್ಲ. ಇದಕ್ಕೆ ಈಗಿನ ಹೆಸರು ಫಂಕ್ಷನಲ್ ಮೂವ್‌ಮೆಂಟ್ ಡಿಸಾರ್ಡರ್.

ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದರು. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಷಾರ್ಕೋ ಅದನ್ನು ನರಗಳ ಕಾಯಿಲೆಯೆಂದೇ ಅಭ್ಯಾಸ ಮಾಡಿದ. ಅದುಮಿಟ್ಟ ಭಾವನೆಗಳು ದೇಹದ ಮೂಲಕ ಹೊರಬರುತ್ತವೆ ಎಂದು 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹೇಳಿದರು. ಇಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿದೆ. ಭಯವನ್ನು ಗುರುತಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗವು ಚಲನೆಯನ್ನು ಸಿದ್ಧಪಡಿಸುವ ಭಾಗಗಳ ಜೊತೆ ಮಾಮೂಲಿಗಿಂತ ಬಿಗಿಯಾಗಿ ಬೆಸೆದುಕೊಂಡಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಇಂಥವರಲ್ಲಿ ಹಲವರಿಗೆ ತಮ್ಮ ಭಾವನೆ ಯಾವುದೆಂದು ಹೇಳುವುದೇ ಕಷ್ಟ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೆದರಿಕೆಯೇ ಎಂದು ಕೇಳಿದರೆ "ಏನಿಲ್ಲ" ಎನ್ನುತ್ತಾರೆ. ಹಾಗೆಂದು ಎಲ್ಲರ ಹಿಂದೆಯೂ ದುಃಖದ ಕಥೆ ಹುಡುಕಬೇಕಾಗಿಲ್ಲ. ಸಣ್ಣ ಪೆಟ್ಟಿನಿಂದಲೋ ಜ್ವರದಿಂದಲೋ ಶುರುವಾಗುವುದೂ ಉಂಟು.

ನಮ್ಮ ಹುಡುಗಿಯೂ "ಏನಿಲ್ಲ ಸಾ" ಎನ್ನುವವಳೇ. ಫೇಲಾದರೆ ಮದುವೆ ಮಾಡಿಬಿಡುತ್ತಾರೆ ಎಂಬ ಮಾತು ಅವಳ ಬಾಯಿಂದ ಹೊರಬರಲು ಎರಡು ತಿಂಗಳು ಹಿಡಿಯಿತು. ವಿಷವನ್ನು ಗಂಟಲಲ್ಲೇ ಇಟ್ಟುಕೊಂಡವನು ನಂಜುಂಡ. ಅವನು ದೇವರು, ಮಕ್ಕಳ ಕೈಲಾಗುವ ಕೆಲಸವಲ್ಲ ಅದು.

ಡಾಕ್ಟರು ಕಾಯಿಲೆಯನ್ನು ಅವಳಿಗೇ ಬಿಡಿಸಿ ಹೇಳಿದ್ದು ಮೊದಲ ಔಷಧಿ. ಆಮೇಲೆ ಫಿಸಿಯೋಥೆರಪಿ, ಆಪ್ತಸಮಾಲೋಚನೆ. ಹಾಡು ಗುನುಗುತ್ತಾ ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರ ಬರೆದು ಅಭ್ಯಾಸ ಮಾಡಿದಳು. ಮಾರ್ಚಿಯಲ್ಲಿ ಪರೀಕ್ಷೆ ಬರೆದಳು, ನಿಧಾನವಾಗಿ. ನಡುಕ ಪೂರ್ತಿ ಬಿಡಲು ಇನ್ನೊಂದು ವರ್ಷ ಬೇಕಾಯಿತು. ಮದುವೆಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ನಡುಕಗಳೆಲ್ಲ ಇದೇ ಅಲ್ಲ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಇದೆ; ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರಲ್ಲಿ ಶುರುವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ವಿದ್ಯಾರ್ಥಿಗಳೇ, ನಂಬಿಕೆಯಿರುವ ಯಾರಾದರೊಬ್ಬರ ಹತ್ತಿರ ಹೇಳಿಕೊಳ್ಳಿ. ತಂದೆತಾಯಿಗಳೇ, ಮಗು "ಏನಿಲ್ಲ" ಎಂದಾಗ ಎದ್ದು ಹೋಗಬೇಡಿ. ಇನ್ನೊಂದು ಗಳಿಗೆ ಪಕ್ಕದಲ್ಲೇ ಕೂತಿರಿ.