ತರತಮ

ತಾರತಮ್ಯ ಎಂಬ ಮಾತನ್ನು ನಾವು ಸಾಮಾನ್ಯವಾಗಿ ದೂರು ಹೇಳುವಾಗ ಬಳಸುತ್ತೇವೆ. ಪಂಕ್ತಿಯಲ್ಲಿ ಒಬ್ಬನಿಗೆ ತುಪ್ಪ ಬಿದ್ದು ಮಗ್ಗುಲಲ್ಲಿ ಕುಳಿತವನಿಗೆ ಬೀಳದಿದ್ದರೆ ಅದು ತಾರತಮ್ಯ. ಆದರೆ ಈ ಮಾತು ಹುಟ್ಟಿದ್ದು ಊಟದ ಪಂಕ್ತಿಯಲ್ಲಲ್ಲ, ವ್ಯಾಕರಣದ ಮನೆಯಲ್ಲಿ. ಸಂಸ್ಕೃತದಲ್ಲಿ ಎರಡನ್ನು ಹೋಲಿಸುವಾಗ ‘ತರ’ ಎಂಬ ಪ್ರತ್ಯಯವೂ, ಹಲವನ್ನು ಹೋಲಿಸುವಾಗ ‘ತಮ’ ಎಂಬ ಪ್ರತ್ಯಯವೂ ಬರುತ್ತವೆ. ಪ್ರಿಯ, ಪ್ರಿಯತರ, ಪ್ರಿಯತಮ. ಇವೆರಡೂ ಕೂಡಿ ತರತಮ, ಅದರಿಂದ ತಾರತಮ್ಯ. ಇಷ್ಟು ತಿಳಿದ ಮೇಲೆ ಇಂಗ್ಲಿಷಿನ ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಎಂಬ ಪಾಠದ ಬಗ್ಗೆ ನನಗಿದ್ದ ಅಂಜಿಕೆ ಅರ್ಧಕ್ಕೆ ಇಳಿಯಿತು. ಪರದೇಶದ ಭೂತವೆಂದು ಹೆದರಿದ್ದು ನಮ್ಮ ಹಿತ್ತಿಲಿನಲ್ಲಿಯೂ ವಾಸವಾಗಿದೆ ಎಂದಾದರೆ ಯಾರಿಗೆ ತಾನೆ ಧೈರ್ಯ ಬಾರದು?

ನಮ್ಮ ತರಗತಿಯಲ್ಲಿ ಬಹುಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲಿಷ್ ಪೀರಿಯಡ್ಡೆಂದರೆ ನಮ್ಮ ಮೌನವ್ರತದ ಗಂಟೆ. ಬರೆಯೆಂದರೆ ಬರೆದೇವು, ಮಾತಾಡೆಂದರೆ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುವೆವು. ಇದನ್ನು ಕಂಡ ನಮ್ಮ ಅಧ್ಯಾಪಕರು ಒಂದು ಉಪಾಯ ಹೂಡಿದರು. ಕಾಗದ, ತಂತಿ, ರೇಡಿಯೋ, ಟೆಲಿಫೋನು, ಟೆಲಿವಿಷನ್ನು, ಮೊಬೈಲು ಮುಂತಾದ ಸಂಪರ್ಕ ಸಾಧನಗಳ ಹೆಸರುಗಳನ್ನು ಹಲಗೆಯ ಮೇಲೆ ಬರೆದು, ಒಂದನ್ನೊಂದರೊಡನೆ ಹೋಲಿಸಿ ದಿನಕ್ಕೆ ಹತ್ತು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿರೆಂದರು. ಬರೆಯಕೂಡದು, ಹೇಳಬೇಕು.

ಹಾಸ್ಟೆಲಿನಲ್ಲಿ ಸಂಜೆ ಮೂವರು ಸೇರಿ ಅಭ್ಯಾಸ ಮಾಡತೊಡಗಿದೆವು. ಇಂಗ್ಲಿಷಿನ ಗುಣವಾಚಕಗಳಲ್ಲಿ ಗಿಡ್ಡ ಪದಗಳಿಗೆ ಬಾಲ, ಉದ್ದ ಪದಗಳಿಗೆ ರುಮಾಲು ಎಂದು ನನ್ನ ಸ್ನೇಹಿತನೊಬ್ಬ ಸೂತ್ರ ಕಟ್ಟಿದ. ‘ಫಾಸ್ಟ್’ ಗಿಡ್ಡದು, ಬಾಲ ಹಚ್ಚಿ ‘ಫಾಸ್ಟರ್’ ಎನ್ನಬೇಕು. ‘ಇಂಟರೆಸ್ಟಿಂಗ್’ ಉದ್ದದ್ದು, ಅದರ ತಲೆಗೆ ‘ಮೋರ್’ ಎಂಬ ರುಮಾಲು ಸುತ್ತಬೇಕು. ಬಾಲವೂ ರುಮಾಲೂ ಎರಡೂ ಕೂಡದು. ‘ಗುಡ್’ ಮಾತ್ರ ಊರು ಬಿಟ್ಟು ಹೋಗಿ ‘ಬೆಟರ್’ ಎಂದು ಹೆಸರು ಬದಲಿಸಿಕೊಂಡು ಮರಳಿದ ಆಸಾಮಿ. ಇನ್ನು ಸೀನಿಯರ್, ಜೂನಿಯರ್, ಸುಪೀರಿಯರ್ ಎಂಬ ದೊಡ್ಡ ಮನುಷ್ಯರು ಲ್ಯಾಟಿನ್ನಿನಿಂದ ಬರುವಾಗಲೇ ಹೋಲಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದವರು. ಅವರಿಗೆ ‘ದ್ಯಾನ್’ ಆಗದು, ‘ಟು’ ಬೇಕು. ‘ಮೋರ್ ಬೆಟರ್’ ಎಂದವನನ್ನು ನಾವು ನಗುತ್ತೇವೆ. ಆದರೆ ‘ಉತ್ತಮ’ದಲ್ಲಿಯೇ ‘ತಮ’ ಕುಳಿತಿರುವಾಗ ‘ಅತ್ಯುತ್ತಮ’ ಎಂದು ಬಹುಮಾನ ಪತ್ರಗಳಲ್ಲಿ ಅಚ್ಚು ಹಾಕಿಸುವವರನ್ನು ಏನೆನ್ನೋಣ? ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ ಇಂಥ ಜೋಡಿ ರುಮಾಲಿನ ಪದಗಳುಂಟು ಎಂದು ಕೇಳಿದ ಮೇಲೆ ನಮ್ಮ ನಗೆ ಸ್ವಲ್ಪ ತಗ್ಗಿತು.

ಕನ್ನಡದ ದಾರಿಯೇ ಬೇರೆ. ‘ರೇಡಿಯೋಗಿಂತ ಟಿ.ವಿ. ದೊಡ್ಡದು’ ಎನ್ನುವಾಗ ‘ದೊಡ್ಡದು’ ಇದ್ದಲ್ಲಿಯೇ ಇರುತ್ತದೆ, ಬದಲಾಗುವುದು ರೇಡಿಯೋ. ಇಂಗ್ಲಿಷಿನಲ್ಲಿ ಗುಣವೇ ಬೆಳೆದು ನಿಲ್ಲುತ್ತದೆ, ಕನ್ನಡದಲ್ಲಿ ಹಿಂದೆ ಬಿದ್ದದ್ದರ ಮೈಮೇಲೆ ‘ಗಿಂತ’ ಎಂಬ ಗುರುತು ಬೀಳುತ್ತದೆ. ಈ ಕಾರಣದಿಂದಲೇ ಇರಬೇಕು, ನಮ್ಮ ನಾಲಗೆ ‘ಬಿಗ್ ದ್ಯಾನ್’ ಎಂದು ಮತ್ತೆ ಮತ್ತೆ ಜಾರುವುದು.

ಅಭ್ಯಾಸದಲ್ಲಿ ಜಗಳಗಳೂ ನಡೆದವು. ಕಾಗದಕ್ಕಿಂತ ತಂತಿ ಬೇಗ ಎಂಬುದನ್ನು ‘ಈಸ್ ಫಾಸ್ಟರ್’ ಎನ್ನಬೇಕೋ ‘ವಾಸ್ ಫಾಸ್ಟರ್’ ಎನ್ನಬೇಕೋ? ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿಯೇ ನಿಂತುಹೋಯಿತು. ನಾವು ಮೂವರೂ ತಂತಿಯನ್ನು ಕಣ್ಣಿಂದ ಕಂಡವರಲ್ಲ. ಹಳ್ಳಿಗಳಲ್ಲಿ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಅಳು ಏಳುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಅಂಥ ಸುದ್ದಿ ಬೇಗ ಬಂದದ್ದು ಒಳ್ಳೆಯದೆ, ತಡವಾದರೆ ಒಳ್ಳೆಯದೆ ಎಂದು ಇನ್ನೊಂದು ಚರ್ಚೆ ಎದ್ದಿತು. ಊಟದ ಗಂಟೆ ಬಾರಿಸಿದ್ದರಿಂದ ತೀರ್ಮಾನವಾಗಲಿಲ್ಲ.

ಟೆಲಿವಿಷನ್ನಿನ ಸರದಿ ಬಂದದ್ದು ದಸರಾ ರಜೆಯಲ್ಲಿ. ನಮ್ಮ ಅಜ್ಜಿ ತವರಿನಲ್ಲಿದ್ದಾಗ ಟಿ.ವಿ. ಕಂಡವಳು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಬರುತ್ತಿತ್ತು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ತಂತಿಬಲೆಯ ಮೂರು ಮೀಟರ್ ಅಗಲದ ಛತ್ರಿ, ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರವರಿಗೆ ಎರಡೂವರೆ ಗಂಟೆ. ವರ್ಷ ತುಂಬುತ್ತಲೇ ಉಪಗ್ರಹವನ್ನು ಬೇರೆ ಕಡೆಗೆ ಸರಿಸಿದರು, ಪರದೆ ಬರಿದಾಯಿತು.

“ಆಯಿ, ಆಗಿನ ಟಿ.ವಿ. ಚಲೋ ಇತ್ತೋ, ಈಗಿಂದು ಚಲೋ ಐತೋ?” ಎಂದು ನಾನು ಕೇಳಿದೆ.

“ಈಗಿಂದರಾಗ ಚಿತ್ರ ಚಲೋ ಕಾಣತಾವ. ಆಗ ಊರಾಗಿನ ಮಂದಿಯೆಲ್ಲ ಕೂಡಿ ಕುಂದರತಿದ್ವಿ. ನೀ ಯಾವುದಕ್ಕ ಚಲೋ ಅಂತ ಕೇಳಾಕತ್ತಿ, ಅದನ್ನ ಮೊದಲ ಹೇಳು” ಎಂದಳು ಅಜ್ಜಿ.

ಇದನ್ನು ಇಂಗ್ಲಿಷಿಗೆ ತಿರುಗಿಸಲು ಕುಳಿತೆ. ಚಿತ್ರದ ಮಾತಿಗೆ ತೊಂದರೆಯಿಲ್ಲ, ‘ಕ್ಲಿಯರರ್’ ಎಂದರಾಯಿತು. ಊರೆಲ್ಲ ಕೂಡಿ ಕೂರುವುದಕ್ಕೆ ಯಾವ ಪದ? ‘ಕಮ್ಯುನಿಕೇಷನ್’ ಎಂಬುದರ ಮೂಲ ಲ್ಯಾಟಿನ್ ಮಾತಿಗೆ ‘ಎಲ್ಲರಿಗೂ ಸೇರಿದ್ದು’ ಎಂದರ್ಥ. ‘ಕಾಮನ್’ ಎಂಬ ಪದ ಅದರ ಒಡಹುಟ್ಟು. ಸರಿ, ಹಳೆಯ ಟಿ.ವಿ. ‘ಮೋರ್ ಕಾಮನ್’ ಎಂದು ಹೇಳಿ ನೋಡಿದೆ. ವ್ಯಾಕರಣ ಸರಿಯಾಗಿತ್ತು, ಅರ್ಥ ತಲೆಕೆಳಗಾಗಿತ್ತು! ಕೇಳಿದವರು ಆ ಕಾಲದಲ್ಲಿ ಮನೆಮನೆಗೂ ಟಿ.ವಿ. ಇತ್ತೆಂದು ತಿಳಿದಾರು. ಊರಿಗೆ ಒಂದೇ ಇದ್ದದ್ದರಿಂದಲೇ ಅದು ಎಲ್ಲರದಾಗಿತ್ತು ಎಂಬುದನ್ನು ಹಿಡಿಯುವ ‘ತರ’ ಪ್ರತ್ಯಯ ನನಗೆ ಇನ್ನೂ ಸಿಕ್ಕಿಲ್ಲ.

ರಜೆ ಮುಗಿದು ತರಗತಿ ಮೊದಲಾದಾಗ ಅಧ್ಯಾಪಕರು ಒಬ್ಬೊಬ್ಬರನ್ನೇ ಎಬ್ಬಿಸಿದರು. ಟಿ.ವಿ. ರೇಡಿಯೋಗಿಂತ ದುಬಾರಿ, ಮೊಬೈಲು ಕಾಗದಕ್ಕಿಂತ ಬೇಗ ಎಂದು ಎಲ್ಲರೂ ಒಪ್ಪಿಸುತ್ತ ಬಂದೆವು. ಕೊನೆಯ ಬೆಂಚಿನಲ್ಲಿ ಒಬ್ಬನಿದ್ದಾನೆ. ಎರಡು ವರ್ಷಗಳಲ್ಲಿ ಆ ಪೀರಿಯಡ್ಡಿನಲ್ಲಿ ಅವನ ಬಾಯಿಂದ ‘ಪ್ರೆಸೆಂಟ್ ಸರ್’ ಹೊರತು ಬೇರೆ ಮಾತು ಬಂದದ್ದನ್ನು ನಾವು ಕೇಳಿರಲಿಲ್ಲ. ಅವನ ತಂದೆ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು, ಹಬ್ಬಕ್ಕೆ ಮಾತ್ರ ಬರುವವರು. ಅವನು ಎದ್ದು ನಿಂತು, ನೆಲ ನೋಡುತ್ತ, ಒಂದೊಂದೇ ಪದವನ್ನು ಇಟ್ಟಿಗೆಯ ಹಾಗೆ ಇಟ್ಟು ಹೇಳಿದ: “ದಿ ಫೋನ್ ಈಸ್ ಚೀಪರ್ ದ್ಯಾನ್ ದಿ ಬಸ್. ಬಟ್ ದಿ ಬಸ್ ಈಸ್ ಬೆಟರ್.”

ನಾವು ನಕ್ಕೆವು. ಹಲಗೆಯ ಮೇಲಿನ ಪಟ್ಟಿಯಲ್ಲಿ ಬಸ್ಸು ಇರಲೇ ಇಲ್ಲವಲ್ಲ! ಅಧ್ಯಾಪಕರು ನಗಲಿಲ್ಲ. “ವೈ?” ಎಂದು ಕೇಳಿದರು.

ಅವನಿಗೆ ಇಂಗ್ಲಿಷ್ ಅಲ್ಲಿಗೆ ಮುಗಿದಿತ್ತು. “ಬಸ್ಸಿನ್ಯಾಗ ಅಪ್ಪ ಬರ್ತಾನ್ರೀ” ಎಂದ.

ಅಧ್ಯಾಪಕರು ತಿರುಗಿ ಸಂಪರ್ಕ ಸಾಧನಗಳ ಪಟ್ಟಿಯ ಕೊನೆಯಲ್ಲಿ ಬಸ್ಸನ್ನೂ ಸೇರಿಸಿದರು.

ಆ ದಿನದಿಂದ ಅವನು ಸಂಜೆಯ ಅಭ್ಯಾಸಕ್ಕೆ ನಾಲ್ಕನೆಯವನಾಗಿ ಬರುತ್ತಿದ್ದಾನೆ. ಮಾತು ನಮಗಿಂತ ಕಡಿಮೆ, ತಪ್ಪು ಇನ್ನೂ ಕಡಿಮೆ. ಈಗ ಭೂತಕಾಲದ ಕ್ರಿಯಾಪದಗಳು ನಡೆದಿವೆ. ‘ಗುಡ್’ ಎಂಬುದು ‘ಬೆಟರ್’ ಆದದ್ದನ್ನು ಹೇಗೋ ಕ್ಷಮಿಸಿದ್ದಾನೆ. ‘ಗೋ’ ಎಂಬುದು ‘ವೆಂಟ್’ ಆದದ್ದನ್ನು ಮಾತ್ರ ಕ್ಷಮಿಸಲಾರೆನೆಂದು ಹಟ ಹಿಡಿದು ಕುಳಿತಿದ್ದಾನೆ.