ಹದ್ದಿಗಾಗಿ ಮಟನ್ ಅಂಗಡಿ ಮುಚ್ಚುವ ಊರು

ಉತ್ತರ ಬೆಂಗಳೂರಿನ ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತ ಬಂದಿದೆ. ದೇಶವಿದೇಶಗಳ ಯುದ್ಧವಿಮಾನಗಳು ಆಕಾಶದಲ್ಲಿ ಲಾಗ ಹಾಕುವ ಆ ದಿನಗಳಲ್ಲಿ ಸುತ್ತಮುತ್ತಲಿನ ಮಟನ್, ಚಿಕನ್ ಅಂಗಡಿಗಳು ಬಾಗಿಲು ಹಾಕುತ್ತವೆ. 2023ರಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸ ಮಾರಬಾರದು, ಹೋಟೆಲಿನಲ್ಲಿ ಬಡಿಸಲೂಬಾರದು ಎಂದು ಪಾಲಿಕೆ ಆದೇಶಿಸಿತ್ತು. ಇಷ್ಟಕ್ಕೆಲ್ಲ ಕಾರಣ ಹದ್ದು. ಬೀದಿಗೆ ಬಿಸಾಡಿದ ಮಾಂಸದ ಚೂರಿಗೆ ಹದ್ದು ಸುತ್ತು ಹಾಕುತ್ತದೆ. ಸುತ್ತು ಹಾಕುವ ಹದ್ದು ಇಂಜಿನ್ನಿಗೆ ಸಿಕ್ಕಿಕೊಂಡರೆ ವಿಮಾನಕ್ಕೂ ಅದನ್ನು ಹಾರಿಸುವವರಿಗೂ ಅಪಾಯ. ಕೋಟ್ಯಂತರ ರೂಪಾಯಿಯ ವಿಮಾನಕ್ಕೂ ಹತ್ತಿರದ ಕೊಡಿಗೇಹಳ್ಳಿಯ ಬಿರಿಯಾನಿಗೂ ಹೀಗೊಂದು ನಂಟಿದೆ ಎಂದು ತಿಳಿದಾಗ ಯಾರಿಗಾದರೂ ನಗು ಬರುತ್ತದೆ. ಊರುಗಳ ಬಗ್ಗೆ ಇಂಥ ಚಿಲ್ಲರೆ ಸಂಗತಿಗಳನ್ನು ಹುಡುಕಿ ಕೂಡಿಡುವುದು ಬಹಳ ಸೊಗಸಾದ ಹವ್ಯಾಸ. ಅದನ್ನು ಹೊತ್ತು ಕಳೆಯುವ ಕೆಲಸವೆಂದು ತಳ್ಳಿಹಾಕುವುದು ತಪ್ಪು ಎಂಬುದು ನನ್ನ ವಾದ.

ಬ್ರಿಟನ್ನಿನ ಸಣ್ಣ ಊರುಗಳ ಜನ ಈ ಹವ್ಯಾಸದಲ್ಲಿ ಪಳಗಿದವರು. ವೇಲ್ಸ್‌ನ ಆಂಗ್ಲೆಸೀ ದ್ವೀಪದ ಒಂದು ಹಳ್ಳಿ 1860ರ ದಶಕದಲ್ಲಿ ತನ್ನ ಹೆಸರನ್ನು 58 ಅಕ್ಷರಗಳಷ್ಟು ಉದ್ದ ಮಾಡಿಕೊಂಡಿತು. ರೈಲಿನಲ್ಲಿ ಹೋಗುವವರು ಫಲಕ ನೋಡಿ ಬೆರಗಾಗಿ ಇಳಿಯಲಿ ಎಂಬುದು ಅದರ ಉದ್ದೇಶ. ಕೇಳಿದವರು ಹೆಸರಿನ ಉದ್ದಕ್ಕೆ ನಗುತ್ತಾರೆ. ಏಕೆ ಎಂದು ಕೇಳಿದವರಿಗೆ ಮಾತ್ರ, ಹೊಸದಾಗಿ ಬಂದ ರೈಲು ಒಂದು ಹಳ್ಳಿಯ ಬದುಕನ್ನು ಹೇಗೆ ತಿರುಗಿಸಿತು ಎಂಬುದು ತಿಳಿಯುತ್ತದೆ. ಒಳ್ಳೆಯ ಚಿಲ್ಲರೆ ಸಂಗತಿಯ ಗುಣವೇ ಇದು. ಒಂದಕ್ಕೊಂದು ಸೇರದ ಎರಡು ವಸ್ತು ಒಟ್ಟಿಗಿರುವುದು ಕಂಡು ನಗು ಬರುತ್ತದೆ, ಅವನ್ನು ಒಟ್ಟಿಗೆ ತಂದ ಕಾರಣ ಹುಡುಕುತ್ತ ಹೋದರೆ ಇತಿಹಾಸ ಸಿಗುತ್ತದೆ.

ಬೆಂಗಳೂರಿನಲ್ಲಿ ಯಶವಂತಪುರದ ಕಡೆಗೆ ಹೋಗುವ ಹಸಿರು ಮಾರ್ಗದ ಮೆಟ್ರೋವನ್ನೇ ನೋಡಿ. ಮಹಾಲಕ್ಷ್ಮಿ ದಾಟಿದ ಕೂಡಲೇ ಬರುವ ನಿಲ್ದಾಣದ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ರಾಜ, ಸಂತ, ದೇವರುಗಳ ಹೆಸರಿರಬೇಕಾದ ಕಡೆ ಸಾಬೂನಿನ ಹೆಸರು ಬಂದು ಕೂತಿದೆ. ಇದರ ಬೆನ್ನು ಹತ್ತಿದರೆ ಮೊದಲ ಮಹಾಯುದ್ಧಕ್ಕೆ ಹೋಗಿ ಮುಟ್ಟುತ್ತೇವೆ. 1914ರಲ್ಲಿ ಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು, ಮರ ರಾಶಿ ರಾಶಿಯಾಗಿ ಉಳಿಯಿತು. ಹೊರಗೆ ಕಳಿಸಲಾಗದ ಮರದ ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದಾಗ ಪ್ರಯೋಗ ನಡೆದದ್ದು ಯಶವಂತಪುರದ ಪಕ್ಕದಲ್ಲೇ ಇರುವ, ಬಸ್ಸಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕೂಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ; ನಡೆಸಿದವರು ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು. ಎಣ್ಣೆ ಆದ ಮೇಲೆ ಸೋಪು. ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳಿಗೆ ‘ಸೋಪ್ ಶಾಸ್ತ್ರಿ’ ಎಂಬ ಹೆಸರೇ ನಿಂತಿತು. ಆನೆಯ ತಲೆ, ಸಿಂಹದ ಮೈ ಇರುವ ಶರಭ ಆ ಸೋಪಿನ ಗುರುತಾಯಿತು. ಕಬ್ಬನ್ ಪಾರ್ಕಿನ ಹತ್ತಿರ ಹುಟ್ಟಿದ ಕಾರ್ಖಾನೆ 1957ರಲ್ಲಿ ಈಗಿನ ಜಾಗಕ್ಕೆ ಬಂತು. ಯೂರೋಪಿನಲ್ಲಿ ಗುಂಡು ಹಾರದಿದ್ದರೆ ಯಶವಂತಪುರದ ಹಿಂದಿನ ಸ್ಟೇಷನ್ನಿಗೆ ಬೇರೆಯೇ ಹೆಸರು ಇರುತ್ತಿತ್ತೇನೋ! ಮಹಾಯುದ್ಧ ಬೆಂಗಳೂರಿಗೆ ಏನು ಮಾಡಿತು ಎಂಬ ಪ್ರಶ್ನೆಗೆ ಇಷ್ಟು ಚೆನ್ನಾಗಿ ನೆನಪಿನಲ್ಲಿ ಉಳಿಯುವ ಉತ್ತರ ಬೇರೆ ಇರಲಾರದು.

ಇಂಥ ಸಂಗತಿಗಳಲ್ಲಿ ಅರ್ಧಕ್ಕರ್ಧ ಸುಳ್ಳು ಎಂಬ ಆಕ್ಷೇಪ ಇದೆ. ನ್ಯಾಯವಾದ ಆಕ್ಷೇಪವೇ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಬೆರಿಕ್ ಎಂಬ ಪುಟ್ಟ ಊರು ನೂರಕ್ಕೂ ಹೆಚ್ಚು ವರ್ಷ ಒಂಟಿಯಾಗಿ ರಷ್ಯಾದ ಮೇಲೆ ಯುದ್ಧದಲ್ಲಿತ್ತು ಎಂಬ ಕತೆ ಬಹಳ ಪ್ರಸಿದ್ಧ. ಕ್ರಿಮಿಯಾ ಯುದ್ಧ ಸಾರುವಾಗ ಬೆರಿಕ್ ಹೆಸರನ್ನು ಬೇರೆಯಾಗಿ ಬರೆದರಂತೆ, 1856ರ ಶಾಂತಿ ಒಪ್ಪಂದದಲ್ಲಿ ಬಿಟ್ಟೇಬಿಟ್ಟರಂತೆ. ಇದು ನಿಜವಲ್ಲ. ಇಂಗ್ಲೆಂಡ್ ಎಂದು ಬರೆದರೆ ಅದರೊಳಗೆ ಬೆರಿಕ್ ಕೂಡ ಸೇರಿತು ಎಂದು 1746ರಲ್ಲೇ ಕಾನೂನು ಆಗಿತ್ತು. ನಮ್ಮಲ್ಲಿ ಇದಕ್ಕೆ ಜೋಡಿ ಬೆಂದ ಕಾಳಿನ ಕತೆ: ಅರಸ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಊರಿಗೆ ಬೆಂಗಳೂರು ಎಂಬ ಹೆಸರು ಬಂತಂತೆ. ವೀರಬಲ್ಲಾಳ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆ, ಹದಿಮೂರರ ಆರಂಭದಲ್ಲಿ. ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಸುಮಾರು 890ರಷ್ಟು ಹಿಂದೆಯೇ ಇದೆ. ಅಜ್ಜಿ ಕೊಟ್ಟ ಕಾಳು ತಿನ್ನಲು ಅರಸ ಮೂರು ಶತಮಾನ ತಡವಾಗಿ ಬಂದ. ಆದರೆ ಸುಳ್ಳು ಬಯಲಾದಾಗ ನಷ್ಟವೇನೂ ಆಗಲಿಲ್ಲ, ಲಾಭವೇ ಆಯಿತು. ಬೆರಿಕ್ ಎರಡು ರಾಜ್ಯಗಳ ನಡುವೆ ಪದೇಪದೇ ಕೈ ಬದಲಾಯಿಸಿತ್ತು, ಅದಕ್ಕೇ ಅದನ್ನು ಬೇರೆಯಾಗಿ ಹೆಸರಿಸುವ ರೂಢಿ ಬಂದಿತ್ತು ಎಂಬುದು ಆ ಕಟ್ಟುಕತೆಗಿಂತ ರುಚಿಯಾದ ವಿಷಯ. ಅಕ್ಕಿಯಲ್ಲಿ ಕಲ್ಲಿದೆ ಎಂದು ಯಾರೂ ಅಕ್ಕಿ ಚೆಲ್ಲುವುದಿಲ್ಲ, ಆರಿಸುತ್ತಾರೆ. ಈ ಹವ್ಯಾಸದಲ್ಲಿ ಆರಿಸುವುದೇ ಹೆಚ್ಚಿನ ಸುಖ.

ಕೆರೆಗಳು ಕೊಳೆಯುತ್ತಿರುವಾಗ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಗಂಟೆಗಟ್ಟಲೆ ವಾಹನ ನಿಂತಿರುವಾಗ ಚಿಲ್ಲರೆ ಸಂಗತಿ ಯಾರಿಗೆ ಬೇಕು ಎಂದೂ ಕೇಳುತ್ತಾರೆ. ಹದ್ದಿನ ವಿಷಯಕ್ಕೇ ಮರಳೋಣ. ನಕ್ಕು ಮುಗಿದ ಮೇಲೆ ಏಳುವ ಪ್ರಶ್ನೆ, ಮೂರು ವಾರ ಅಂಗಡಿ ಮುಚ್ಚಿದವನ ಮನೆ ನಡೆಯುವುದು ಹೇಗೆ ಎಂಬುದು. ವರ್ಷವಿಡೀ ಮಾಂಸದ ತ್ಯಾಜ್ಯ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಬಿಟ್ಟು ಪ್ರದರ್ಶನದ ಹೊತ್ತಿಗೆ ಮಾತ್ರ ಅಂಗಡಿ ಮುಚ್ಚಿಸುವುದು ಸರಿಯೇ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ಹಾಗೇ ಯಲಹಂಕದ ರೈಲು ಗಾಲಿ ಕಾರ್ಖಾನೆ. 1984ರಲ್ಲಿ ಶುರುವಾದ ಅದು ಸವೆದ ಗಾಲಿಗಳನ್ನು, ರೈಲ್ವೆಯ ಹಳೆ ಕಬ್ಬಿಣವನ್ನು ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತದೆ. ಯಲಹಂಕ ಎಲ್ಲಿದೆಯೆಂದೇ ಗೊತ್ತಿಲ್ಲದವರೂ ದೇಶದ ಯಾವುದೋ ಮೂಲೆಯಲ್ಲಿ ಯಲಹಂಕದ ಗಾಲಿಯ ಮೇಲೆ ಹೋಗುತ್ತಿರುತ್ತಾರೆ! ಇದನ್ನು ಕೇಳಿದ ಮಗು ಉಕ್ಕು, ಕುಲುಮೆ, ವಿದೇಶದಿಂದ ಗಾಲಿ ತರಿಸುತ್ತಿದ್ದ ಕಾಲ ಇವುಗಳ ಬಗ್ಗೆ ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತದೆ. ಪಠ್ಯಪುಸ್ತಕ ಆ ಪ್ರಶ್ನೆ ಹುಟ್ಟಿಸುವುದು ಅಪರೂಪ.

ಉಳಿದದ್ದು ಹೆಚ್ಚು ಗಂಭೀರವಾದ ಆಕ್ಷೇಪ: ಇದು ಸಣ್ಣ ಊರನ್ನು ಕಂಡು ನಗುವ ದೊಡ್ಡ ಊರಿನವರ ಚಾಳಿಯಲ್ಲವೇ? ಹೊರಗಿನವರು ಹಂಗಿಸಿದರೆ ಹೌದು. ಇಂಗ್ಲೆಂಡಿನ ಹಾರ್ಟಲ್‌ಪೂಲಿನವರು ನೆಪೋಲಿಯನ್ ಕಾಲದಲ್ಲಿ ಒಂದು ಕೋತಿಯನ್ನು ಫ್ರೆಂಚ್ ಗೂಢಚಾರನೆಂದು ನೇಣಿಗೆ ಹಾಕಿದರು ಎಂಬ ದಂತಕತೆ ಅಂಥ ಹಂಗಿಸುವ ಮಾತೇ ಆಗಿತ್ತು. ಊರಿನವರೇ ಅದನ್ನು ಎತ್ತಿಕೊಂಡರು. 2002ರಲ್ಲಿ ತಮ್ಮ ಫುಟ್‌ಬಾಲ್ ತಂಡದ ಕೋತಿ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮ್ಮಂಡ್ ಅವರನ್ನು, ಶಾಲೆಯ ಮಕ್ಕಳಿಗೆ ಬಿಟ್ಟಿ ಬಾಳೆಹಣ್ಣು ಕೊಡಿಸುತ್ತೇನೆಂದು ಹೇಳಿದವರನ್ನು, ಮೇಯರ್ ಮಾಡಿದರು. ನಗು ಊರಿನವರದಾದಾಗ ಅದರಲ್ಲಿ ಮೂದಲಿಕೆ ಇರುವುದಿಲ್ಲ.

ಉತ್ತರ ಬೆಂಗಳೂರಿಗೆ ಈ ನಗು ಇನ್ನೂ ಅಗತ್ಯ. ಇಲ್ಲಿಯ ಊರುಗಳು ದೊಡ್ಡ ಊರಿನ ಹೊಟ್ಟೆಗೆ ಹೋಗಿವೆ. 1537ರಲ್ಲಿ ಬೆಂಗಳೂರು ಕಟ್ಟಿದವರು ಯಲಹಂಕದ ನಾಡಪ್ರಭು ಕೆಂಪೇಗೌಡರು. 2007ರಲ್ಲಿ, 470 ವರ್ಷಗಳ ಮೇಲೆ, ಯಲಹಂಕ ನಗರಸಭೆ ಬೆಂಗಳೂರಿನ ಪಾಲಿಕೆಯೊಳಗೆ ಸೇರಿಹೋಯಿತು. ಊರಿನ ಎಲ್ಲೆ ಎಂದು ಹೇಳುವ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಮೇಖ್ರಿ ವೃತ್ತದ ಬಳಿ ಇದೆ, ಕೆಂಪೇಗೌಡರ ಸ್ವಂತ ಊರು ಅದರಾಚೆ ಎಷ್ಟೋ ದೂರ. ಹೆಬ್ಬಾಳದ ಪಾಡೂ ಹೀಗೇ: ಅದರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಟ್ರಾಫಿಕ್ ಒಂದೇ. ಆದರೆ ಅಲ್ಲಿ 2018ರಲ್ಲಿ ಮತ್ತೆ ಬೆಳಕಿಗೆ ಬಂದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೆಯ ಇಸವಿಯದು. ರಾಷ್ಟ್ರಕೂಟರ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯನ ಕಲ್ಲು. ಬೇಗೂರಿನ ಶಾಸನಕ್ಕಿಂತ ಅದು ಸುಮಾರು 140 ವರ್ಷ ಹಿರಿಯದು, ಹೆಬ್ಬಾಳವನ್ನು ಮೂವತ್ತು ಹಳ್ಳಿಗಳ ನಾಡಾಗಿ ಹೆಸರಿಸುತ್ತದೆ. ಬೆಂಗಳೂರಿನ ಹೆಸರು ಕಲ್ಲಿಗೆ ಬರುವ ಮುಂಚೆಯೇ ಹೆಬ್ಬಾಳ ನಾಡಾಗಿತ್ತು ಎಂದು ಸಿಗ್ನಲ್ಲಿನಲ್ಲಿ ನಿಂತ ಹೆಬ್ಬಾಳದವರು ಎದೆಯುಬ್ಬಿಸಿ ಹೇಳಿಕೊಳ್ಳಬಹುದು. ಅಲ್ಲಿಯ ನಿವಾಸಿಗಳು ಹೇಳಿಕೊಂಡಿದ್ದಾರೆ ಕೂಡ. ಆ ಕಲ್ಲಿಗೆ ಮಂಟಪ ಕಟ್ಟಿಸಿ ನಿಲ್ಲಿಸಿದ್ದಾರೆ.