ನಕ್ಷೆಯ ಕೆಳಗಣ ಸಹಿ

ಮೇ ತಿಂಗಳು ಬಂತೆಂದರೆ ಕಾಸರಗೋಡಿನ ಕಡೆಯ ನಮ್ಮಂಥ ಕನ್ನಡ ಅಧ್ಯಾಪಕರಿಗೆ ಎರಡು ಚಿಂತೆಗಳು. ಒಂದನೆಯ ತರಗತಿಗೆ ಮಕ್ಕಳು ಎಷ್ಟು ಮಂದಿ ಬರುವರೋ ಎಂಬುದು ಒಂದು. ಕಟ್ಟಡಕ್ಕೆ ಯೋಗ್ಯತಾ ಪತ್ರ ದೊರೆಯುವುದೋ ಇಲ್ಲವೋ ಎಂಬುದು ಇನ್ನೊಂದು. ಶಾಲೆ ತೆರೆಯುವ ಮೊದಲು ಪಂಚಾಯತಿನ ಎಂಜಿನಿಯರರು ಬಂದು, ಮುರಕಲ್ಲಿನ ಗೋಡೆಯನ್ನೂ ಹಂಚಿನ ಕೆಳಗಣ ಪಕ್ಕಾಸುಗಳನ್ನೂ ನೋಡಿ, ಮಕ್ಕಳು ಇದರೊಳಗೆ ಕುಳಿತುಕೊಳ್ಳಬಹುದೆಂದು ಬರೆದುಕೊಡಬೇಕು. ಇದು ವರ್ಷ ವರ್ಷದ ಮಾತು. ಹೊಸದಾಗಿ ಕಟ್ಟುವುದಾದರೆ ಪರೀಕ್ಷೆ ಇನ್ನೂ ಮುಂಚೆ, ಕಲ್ಲು ಇಡುವ ಮೊದಲೇ, ಕಾಗದದ ಮೇಲೆ ನಡೆಯುತ್ತದೆ. ನಕ್ಷೆಯು ನಿಯಮಗಳಿಗೆ ಅನುಗುಣವಾಗಿದೆಯೆಂದು ನೋಂದಾಯಿತ ಎಂಜಿನಿಯರರೊಬ್ಬರು ಅದರ ಮೇಲೆಯೇ ಬರೆದು ಸಹಿ ಹಾಕಬೇಕು. ಪಂಚಾಯತಿನ ಪರಿಶೀಲನೆ ಆಮೇಲೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ತಾರಸಿಯ ಮೇಲೆ ಎರಡು ಕೋಣೆಗಳನ್ನು ಕಟ್ಟಿಸಿಕೊಡಲು ಊರ ಹಿರಿಯರು ಮುಂದೆ ಬಂದರು. ಮೇಸ್ತ್ರಿಯೇ ನಕ್ಷೆ ಬರೆದನು. ಎಂಜಿನಿಯರರು ಅದನ್ನು ನೋಡಿ ಸಹಿ ಹಾಕದೆ ಹಿಂದಿರುಗಿಸಿದರು. ಮೆಟ್ಟಿಲಿನ ಅಗಲ ಸಾಲದು, ಹಂತಗಳು ಮನೆಯ ಹಂತಗಳಷ್ಟು ಎತ್ತರ, ಬಾಗಿಲುಗಳು ಒಳಕ್ಕೆ ತೆರೆಯುತ್ತವೆ ಎಂದು ಅವರ ಆಕ್ಷೇಪ.

"ಮಾಷ್ಟ್ರೇ, ನೀವೊಮ್ಮೆ ಹೋಗಿ ಹೇಳಿ ನೋಡಿ. ಒಂದು ಸಹಿ ತಾನೆ? ಕೋಣೆ ತಡವಾದರೆ ಮಕ್ಕಳು ಬೇರೆ ಶಾಲೆಗೆ ಹೋದಾರು. ಮತ್ತೆ ಇಲ್ಲಿ ಕನ್ನಡ ಓದುವವರು ಯಾರು?" ಎಂದರು ಹಿರಿಯರು. ಕಡೆಯ ಮಾತು ನನ್ನನ್ನು ನಾಟಿತು. ಹೋದೆನು.

ಎಂಜಿನಿಯರರು ಕಾನೂನಿನ ಮಾತು ಎತ್ತಲಿಲ್ಲ. "ಕುಂಭಕೋಣದ ಸಂಗತಿ ಕೇಳಿದ್ದೀರಲ್ಲ?" ಎಂದಷ್ಟೇ ಕೇಳಿದರು. ಕೇಳದ ಅಧ್ಯಾಪಕನಿದ್ದಾನೆಯೆ? 2004ನೆಯ ಇಸವಿ ಜುಲೈ 16ರಂದು ತಮಿಳುನಾಡಿನ ಆ ಊರಿನ ಶಾಲೆಯೊಂದರ ಅಡುಗೆಮನೆಯ ಬೆಂಕಿ ಮೇಲಿನ ಹುಲ್ಲುಮಾಡಿಗೆ ಹತ್ತಿ, ಪ್ರಾಥಮಿಕ ತರಗತಿಗಳ 94 ಮಕ್ಕಳು ಹೊರಬರಲಾರದೆ ಸುಟ್ಟು ಸತ್ತರು. 2009ರ ಏಪ್ರಿಲ್ 13ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯೆಯ ಹಕ್ಕಿನೊಳಗೆ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಹೇಳಿ, ದೇಶದ ಶಾಲೆಗಳೆಲ್ಲ ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮಗಳನ್ನು ಪಾಲಿಸಬೇಕೆಂದು ವಿಧಿಸಿತು. 1970ರಲ್ಲಿ ಮೊದಲು ಪ್ರಕಟವಾದ ಈ ಸಂಹಿತೆಯನ್ನು 1983, 2005, 2016ರಲ್ಲಿ ಪರಿಷ್ಕರಿಸಿದ್ದಾರೆ.

ಆ ದೊಡ್ಡ ಗ್ರಂಥವು ನಮ್ಮ ಎರಡು ಕೋಣೆಗಳ ವಿಷಯದಲ್ಲಿ ಹೇಳುವುದು ಬಹಳ ಸರಳ. ಶಾಲೆಯ ಮೆಟ್ಟಿಲು ಒಂದೂವರೆ ಮೀಟರಿಗಿಂತ ಕಿರಿದಾಗಿರಕೂಡದು. ವಾಸದ ಮನೆಯಲ್ಲಿ ಹಂತದ ಎತ್ತರ 19 ಸೆಂಟಿಮೀಟರಿನವರೆಗೆ ಇರಬಹುದು. ಶಾಲೆಯಲ್ಲಿ 15ನ್ನು ಮೀರಬಾರದು. ಕಾಲಿಡುವ ಅಗಲ 30ಕ್ಕಿಂತ ಕಡಮೆಯಾಗಬಾರದು. ಬಾಗಿಲು ಹೊರಕ್ಕೆ ತೆರೆಯಬೇಕು, ತೆರೆದಾಗ ದಾರಿಗೆ ಅಡ್ಡವಾಗಬಾರದು. ಹೆದರಿದ ಮಕ್ಕಳು ಒಬ್ಬರ ಮೇಲೊಬ್ಬರು ಬಾಗಿಲಿಗೆ ಒತ್ತಿಕೊಂಡರೆ ಒಳಕ್ಕೆ ಎಳೆಯಬೇಕಾದ ಬಾಗಿಲನ್ನು ಯಾರು ಎಳೆದಾರು? ಎಂಜಿನಿಯರರು ಇದನ್ನು ತಮ್ಮ ಕೋಣೆಯ ಬಾಗಿಲಿನಲ್ಲಿಯೇ ನನ್ನನ್ನು ನಿಲ್ಲಿಸಿ ತೋರಿಸಿದರು.

ಮರುದಿನ ನಾಲ್ಕನೆಯ ತರಗತಿಯವರಿಗೆ ಈ ಲೆಕ್ಕವನ್ನೇ ಕೊಟ್ಟೆನು. ಮಕ್ಕಳ ಪೆಟ್ಟಿಗೆಯ ಅಳತೆಪಟ್ಟಿ ಸರಿಯಾಗಿ 15 ಸೆಂಟಿಮೀಟರು. ನನ್ನ ಮೇಜಿನ ಮೇಲಿನದು 30. ಎತ್ತರಕ್ಕೆ ಒಂದು, ಅಗಲಕ್ಕೆ ಒಂದು! ಹಂತಗಳಿರುವ ಕಡೆಯಲ್ಲೆಲ್ಲ ಹುಡುಗರು ಅಳೆದುಕೊಂಡು ಬಂದರು. 3.6 ಮೀಟರು ಏರಲು ಹಂತ 19ರದಾದರೆ 19 ಹಂತ ಸಾಕು, 15ರದಾದರೆ 24 ಬೇಕು. ಆ ಐದು ಹಂತಗಳಿಗೆ ಸಿಮೆಂಟು ಬೇಕು, ಜಾಗ ಬೇಕು. ಕೋಣೆ ಅಷ್ಟು ಚಿಕ್ಕದಾಗುತ್ತದೆ. ಹಿರಿಯರ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ.

ನಾವು ಅಧ್ಯಾಪಕರೂ ಸಹಿಯ ಜನರೇ. ಮಕ್ಕಳ ಸಂಖ್ಯೆ ಕಡಮೆಯಾದ ವರ್ಷ, ಬಾರದ ಮಗುವಿನ ಹೆಸರಿನ ಮುಂದೆ ಹಾಜರಿಯ ಗುರುತು ಹಾಕಿದರೆ ತರಗತಿ ಉಳಿದೀತೆಂಬ ಆಸೆ ಎಷ್ಟು ಕೈಗಳನ್ನು ಜಗ್ಗಿಲ್ಲ! ಆದರೆ ಹಾಜರಿ ಪುಸ್ತಕದ ಸುಳ್ಳಿನಿಂದ ಮಾಡು ಕುಸಿಯುವುದಿಲ್ಲ. ನಕ್ಷೆಗೆ ಸಹಿ ಹಾಕುವವನು ಇನ್ನೂ ಹುಟ್ಟದ ಕಟ್ಟಡಕ್ಕೆ, ಇನ್ನೂ ಸೇರದ ಮಕ್ಕಳಿಗೆ ಹೊಣೆಯಾಗುತ್ತಾನೆ. ಅವನನ್ನು ಓಲೈಸುವ ಮಾತನ್ನು ನಾನು ಆಡದೆ ಹಿಂದಿರುಗಿದೆನು. ಹಿರಿಯರು ಕೆಲವು ದಿನ ನನ್ನೊಡನೆ ಮಾತು ಕಡಮೆ ಮಾಡಿದರು.

ನಕ್ಷೆ ತಿದ್ದಿ, ಸಹಿಯಾಗಿ, ಕೆಲಸ ಮುಗಿಯುವಾಗ ಒಂದು ಶಾಲಾವರ್ಷವೇ ಕಳೆದಿತ್ತು. ಆ ವರ್ಷ ಇಬ್ಬರು ಮಕ್ಕಳು ಬೇರೆ ಶಾಲೆಗೆ ಸೇರಿದರು. ಅವರು ಮರಳಿ ಬರಲಿಲ್ಲ. ಹೊಸ ಮೆಟ್ಟಿಲಿನಲ್ಲಿ ಮೂವರು ಹುಡುಗರು ಸಾಲಾಗಿ ಕೈಹಿಡಿದು ಇಳಿಯುತ್ತಾರೆ. ಹೊರಕ್ಕೆ ತೆರೆಯುವ ಬಾಗಿಲುಗಳು ಮಳೆಗಾಲದ ಗಾಳಿಗೆ ಬಡಿದುಕೊಳ್ಳುತ್ತವೆಂದು ಹಿರಿಯರು ಈಗಲೂ ಗೊಣಗುವುದುಂಟು. ಗೋಡೆಗೆ ಕೊಂಡಿ ಹಾಕಿಸಿದ್ದೇವೆ.